ಸವಣೂರಿನ ಮೈದಾನಕ್ಕೆ ಎಷ್ಟು ಅಂಕ

೧೯೭೮ರ ಜಿಲ್ಲಾ ಖೋಖೋ ಪಂದ್ಯಾವಳಿ ಹಾನಗಲ್ಲಿನ ಮೈದಾನದಲ್ಲೋ ಸವಣೂರಿನದರಲ್ಲೋ ಎಂದು ತೀರ್ಮಾನಿಸುವ ಕೆಲಸ ನಿವೃತ್ತ ಡ್ರಾಯಿಂಗ್ ಮಾಸ್ತರ ರಾಘಣ್ಣನವರ ಪಾಲಿಗೆ ಬಂದಿತ್ತು. ಮೈದಾನದ ನಡುವೆ ಒಂದು ತಂಬಿಗೆ ನೀರು ಸುರಿದು, ಅದು ಎಷ್ಟು ಮೊಳ ಹರಿಯಿತೆಂದು ಅಳೆಯುವುದು ಅವರ ಪದ್ಧತಿ. ನೀರಿಗೆ ಬಂಧುಬಳಗವಿಲ್ಲ ಎಂದು ಎರಡು ಸಲ ಭಾಷಣದಲ್ಲೂ ಹೇಳಿದ್ದರು.

ಹಾನಗಲ್ಲಿನಲ್ಲಿ ನೀರು ಎರಡು ಮೊಳ ಹರಿಯಿತು. ‘ಇಳಿಜಾರಿನ ದೋಷ. ಹತ್ತಕ್ಕೆ ಆರು ಅಂಕ.’ ಸವಣೂರಿನ ಶಾಲೆ ನಡೆಸುವವರು ಶ್ರೀಪಾದಾಚಾರ್ಯರು, ರಾಘಣ್ಣನವರ ಮಗಳು ಮನೋರಮಾಳ ಮಾವ. ಅಲ್ಲಿ ಕೈಗೆ ಬಂದದ್ದು ಆಚಾರ್ಯರ ಮನೆಯ ಮಡಿನೀರಿನ ತಂಬಿಗೆ. ಊರೆಲ್ಲ ತುಳಿಯುವ ನೆಲಕ್ಕೆ ಅದನ್ನು ಸುರಿಯಲು ಮನಸ್ಸು ಬಾರದೆ ರಾಘಣ್ಣ ಕುಡಿದುಬಿಟ್ಟರು. ಕಣ್ಣಳತೆಯಲ್ಲೇ ಬರೆದರು: ‘ನೆಲದ ಸಹಜ ಬಾಗು ಆಟಕ್ಕೆ ಶೋಭೆ. ಒಂಬತ್ತು.’

ಮರುದಿನ ಪಂದ್ಯಾವಳಿ ಸಮಿತಿಗೆ ವರದಿ ಒಪ್ಪಿಸಲು ಶಿಗ್ಗಾವಿಯಲ್ಲಿ ಇಳಿದರೆ, ಬಸ್ ಸ್ಟ್ಯಾಂಡಿನಲ್ಲಿ ಹಾನಗಲ್ಲಿನ ಪಿ.ಟಿ. ಮಾಸ್ತರ ಉಳಿವೆಪ್ಪ ನಿಂತಿದ್ದ. ಎರಡು ವರ್ಷ ತಾನೇ ಮಣ್ಣು ಹೊತ್ತು ಮೈದಾನ ಮಾಡಿದವನು. ಅಂಕದ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ನಮಸ್ಕಾರ ಮಾಡಿ, ಚಹಾ ಹೇಳಿ, ಆಮೇಲೆ ಕೇಳಿದ:

“ಸವಣೂರಾಗ ನೀರು ಎಷ್ಟು ಮೊಳ ಹರೀತ್ರಿ, ಸರ?”

ರಾಘಣ್ಣ ಚಹಾ ಊದಿದರು. ಸುಳ್ಳಿಗೆ ಒಂದು ಸಂಖ್ಯೆ ಸಾಕಿತ್ತು. ಬಾಯಿಗೆ ಬರಲಿಲ್ಲ.

“ಅಲ್ಲಿ ಸುರುವಲಿಲ್ಲ.”

“ಹಂಗಾರ ನಮ್ಮಲ್ಲಿ ಮಾತ್ರ ಯಾಕ ಸುರುವಿದ್ರಿ?”

ಪಕ್ಕದ ಬೆಂಚಿನವರು ಚಹಾ ಕುಡಿಯುವುದನ್ನು ನಿಲ್ಲಿಸಿದರು. ವರದಿ ಚೀಲದಲ್ಲೇ ಉಳಿಯಿತು. ರಾಘಣ್ಣ ಸವಣೂರಿನ ಬಸ್ಸು ಹತ್ತಿದರು, ಉಳಿವೆಪ್ಪನೂ ಹತ್ತಿದ.

ಆಚಾರ್ಯರು ನಗುತ್ತ ಎದುರುಗೊಂಡರು. ಉಳಿವೆಪ್ಪನನ್ನು ಕಂಡು ನಗೆ ಅರ್ಧಕ್ಕೇ ನಿಂತಿತು. ಎಲೆ ಹಾಕಿಸುತ್ತೇನೆ, ಮೊದಲು ಊಟ, ಮೈದಾನ ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು. ಆ ಊಟ ಉಂಡರೆ ತಮ್ಮ ಕೈಯಿಂದ ನೀರು ಬೀಳುವುದಿಲ್ಲವೆಂದು ರಾಘಣ್ಣನವರಿಗೆ ಗೊತ್ತಿತ್ತು. ಮಡಿಯಿಲ್ಲದ, ಬಳಸುವ ಬಾವಿಯಿಂದ ಒಂದು ತಂಬಿಗೆ ನೀರು ತರಿಸಿ, ಮೈದಾನದ ನಡುವೆ ಸುರಿದರು.

ನೀರು ಒಂದು ಗಳಿಗೆ ನಿಂತಲ್ಲೇ ನಿಂತಿತು. ಆಮೇಲೆ ಪಡುವಣಕ್ಕೆ ದಾರಿ ಹಿಡಿದು ಮೂರು ಮೊಳ ದಾಟಿತು. ಅಳೆದವನು ಆಚಾರ್ಯರದೇ ಜವಾನ. ರಾಘಣ್ಣ ವರದಿ ತೆಗೆದು, ‘ಶೋಭೆ’ ಹೊಡೆದುಹಾಕಿ ‘ದೋಷ’ ಮಾಡಿದರು. ಒಂಬತ್ತು ಹೊಡೆದು ಐದು ಬರೆದರು.

ಆಚಾರ್ಯರು ಕಾಗದವನ್ನು ನಿಧಾನವಾಗಿ ಓದಿ ಮರಳಿಸಿದರು.

“ಬೀಗರ, ನಿಮಗ ಬಸ್ಸು ಎಷ್ಟಕ್ಕದ?”

“ಎರಡಕ್ಕದ,” ಎಂದರು ರಾಘಣ್ಣ. ಆಗಿನ್ನೂ ಹನ್ನೆರಡೂಕಾಲು, ಊಟದ ಹೊತ್ತು. ಊಟದ ಎಲೆ ಒರೆಸುತ್ತ ಮೈದಾನದಂಚಿನ ಮನೆಯ ಬಾಗಿಲಿಗೆ ಬಂದಿದ್ದ ಮನೋರಮಾಳಿಗೆ, ಒಳಗೆ ಹೋಗೆಂದು ರಾಘಣ್ಣನವರೇ ಕೈಯಿಂದ ಹೇಳಿದರು.