ಕುಟುಂಬ ಯೋಜನೆ

"ಕಾಂಡೋಮ್ ಬಳಸ್ತಿದ್ರಾ?" ಎಂದು ಡಾಕ್ಟರ್ ಹತಾನೊ ಕೇಳಿದಾಗ ಇವಾಸೆಗೆ ಪ್ರಶ್ನೆಯೇ ವಿಚಿತ್ರವೆನಿಸಿತು.

"ನನಗೆ ಎಪ್ಪತ್ತೊಂದು, ಡಾಕ್ಟರೇ. ನನ್ನ ಸ್ನೇಹಿತೆ ತೊಕಿಯೆಗೆ ಅರವತ್ತೆಂಟು. ನಮಗಿನ್ನೆಂಥ ಕುಟುಂಬ ಯೋಜನೆ?"

ಟ್ರೇ ಹಿಡಿದು ನಿಂತಿದ್ದ ನರ್ಸ್ ನಗು ತಡೆಯಲಾರದೆ ಕಿಟಕಿಯ ಕಡೆಗೆ ತಿರುಗಿಕೊಂಡಳು. ಇವಾಸೆ ತಮಾಷೆ ಮಾಡಿರಲಿಲ್ಲ. ಅವರ ಬೀದಿಯ ಔಷಧದಂಗಡಿಯ ಹೊರಗೋಡೆಯಲ್ಲಿ ಬಹಳ ವರ್ಷ ಒಂದು ತಗಡಿನ ಪೆಟ್ಟಿಗೆ ಇತ್ತು. ನಾಣ್ಯ ಹಾಕಿದರೆ ಕಾಂಡೋಮ್ ಪೊಟ್ಟಣ ಬೀಳುತ್ತಿತ್ತು. ಪೆಟ್ಟಿಗೆಯ ಮೇಲೆ 'ಸುಖೀ ಕುಟುಂಬ ಯೋಜನೆ' ಎಂದು ಬರೆದಿತ್ತು. ಎರಡು ಮಕ್ಕಳಾದ ಮೇಲೆ ಗಂಡ ಹೆಂಡತಿ ಅದನ್ನು ಆ ಹೆಸರಿಗೆ ತಕ್ಕಂತೆಯೇ ಬಳಸಿದ್ದರು. ಹೆಂಡತಿಗೆ ಐವತ್ತು ದಾಟಿದ ಮೇಲೆ ಅದರ ಕೆಲಸ ಮುಗಿಯಿತು ಎಂದುಕೊಂಡರು.

"ಅದು ಮಗು ತಡೆಯೋಕೆ ಮಾತ್ರ ಅಲ್ಲ, ಇವಾಸೆಯವರೇ. ರೋಗಾನೂ ತಡೆಯುತ್ತೆ. ನಿಮಗೆ ಬಂದಿರೋದು ಸಿಫಿಲಿಸ್. ಇಂಜೆಕ್ಷನ್‌ನಲ್ಲಿ ವಾಸಿಯಾಗುತ್ತೆ. ನಾನು ಹೇಳೋವರೆಗೆ ಯಾರ ಜೊತೆಗೂ ಸೇರಬಾರದು. ಆದ್ರೆ ಅವರಿಗೂ ರಕ್ತ ಪರೀಕ್ಷೆ ಆಗಲೇಬೇಕು. ನೀವೇ ಹೇಳ್ತೀರಾ?"

ಮೂರು ವರ್ಷದ ಹಿಂದೆ ತೀರಿಕೊಂಡ ಹೆಂಡತಿಯ ಚಿತ್ರದ ಮುಂದೆ ಬೆಳಿಗ್ಗೆ ಅನ್ನವಿಟ್ಟು, ಗಂಟೆ ಬಾರಿಸಿ, ಕೈಮುಗಿಯುವುದು ಇವಾಸೆಯವರ ನೇಮ. ಕಳೆದ ವಾರ ಮುಗಿದ ಕೈ ಬಿಡಿಸಿದಾಗ ಅಂಗೈ ತುಂಬ ತಾಮ್ರದ ಬಣ್ಣದ ಚುಕ್ಕೆಗಳು ಕಂಡಿದ್ದವು. ನೋವಿಲ್ಲ, ತುರಿಕೆಯಿಲ್ಲ. ಆಗಸ್ಟ್‌ನಲ್ಲಿ ಹಳೆಯ ಸಹೋದ್ಯೋಗಿಗಳ ಜೊತೆ ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿದ್ದಾಗ ಅವರು ಗುಂಪು ತಪ್ಪಿಸಿಕೊಂಡು ದುಡ್ಡು ಕೊಟ್ಟರೆ ಹೆಣ್ಣು ಸಿಗುವ ಒಂದು ಮನೆಯ ಬಾಗಿಲು ತಟ್ಟಿದ್ದರು. ಒಂದೇ ಸಲ. ತೊಕಿಯೆಯ ಸ್ನೇಹವಾದದ್ದು ಅಕ್ಟೋಬರಿನಲ್ಲಿ.

ತೊಕಿಯೆ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ವಿಧವೆ. ಮಧ್ಯಾಹ್ನ ಅವರು ಹೋದಾಗ ಸೂರಿನ ಕೆಳಗೆ ಮೂಲಂಗಿಗಳನ್ನು ಕಟ್ಟಿ ಒಣಹಾಕುತ್ತಿದ್ದಳು.

"ಏನ್ರೀ ಇದು ಮುಖ? ಉಪ್ಪಲ್ಲಿ ಅದ್ದಿಟ್ಟ ಮೂಲಂಗಿನೇ ಇದಕ್ಕಿಂತ ವಾಸಿ. ಬನ್ನಿ, ಚಹಾ ಕುಡೀರಿ."

ಒಳಗೆ ಹೋದವರು ಚಾಪೆಯ ಮೇಲೆ ಮಂಡಿಯೂರಿ, ಎರಡೂ ಕೈ ಮುಂದೆ ಊರಿ, ಹಣೆ ನೆಲಕ್ಕೆ ತಾಗುವಂತೆ ಬಾಗಿದರು.

ತೊಕಿಯೆ ಒದ್ದೆ ಕೈಯಿಂದಲೇ ಕೂದಲು ಸರಿಮಾಡಿಕೊಂಡಳು. "ಅಯ್ಯೋ, ಏಳ್ರೀ! ಮದುವೆಗೆ ಕೇಳೋಕೆ ಹೀಗೆ ಬಗ್ಗಬೇಕಾ? ಈ ವಯಸ್ಸಲ್ಲಿ ಮದುವೆ ಅಂದ್ರೆ ನಮ್ಮ ಸೊಸೆ ಬಿದ್ದು ಬಿದ್ದು ನಗ್ತಾಳೆ. ಇರಲಿ ಬಿಡಿ, ನಕ್ಕರೆ ನಗಲಿ."

ಇವಾಸೆ ಹಣೆ ಎತ್ತಲಿಲ್ಲ. ಚಾಪೆಗೇ ಹೇಳುವಂತೆ ಎಲ್ಲವನ್ನೂ ಹೇಳಿದರು. ರೋಗದ ಹೆಸರು, ಆಗಸ್ಟ್, ಆ ಮನೆ, ಅಂಗೈಯ ಚುಕ್ಕೆ, ರಕ್ತ ಪರೀಕ್ಷೆ. ಹೇಳಿ ಮುಗಿಸಿದಾಗ ಒಲೆಯ ಮೇಲಿನ ನೀರು ಕುದಿಯುತ್ತಿತ್ತು. ತೊಕಿಯೆ ಹೋಗಿ ಒಲೆ ಆರಿಸಿದಳು. ಚಹಾ ಮಾಡಲಿಲ್ಲ.

"ನನಗೂ ಬಂದಿದ್ಯಾ?"

"ಗೊತ್ತಿಲ್ಲ. ಬಂದಿದ್ದರೂ ವಾಸಿಯಾಗುತ್ತಂತೆ."

"ಆಸ್ಪತ್ರೇಲಿ ಏನಂತ ಹೇಳಲಿ ನಾನು? ಐನೂರು ಮಕ್ಕಳಿಗೆ ಕೈ ತೊಳ್ಕೊಳ್ಳಿ ಅಂತ ಹೇಳಿದವಳು." ಗೋಡೆ ನೋಡುತ್ತ ಅಂದಳು: "ಮೊದಲನೇ ದಿನ ನಾನೇ ಕೇಳಬೇಕು ಅಂತಿದ್ದೆ, ಅದನ್ನ ಹಾಕ್ಕೊಳ್ಳಿ ಅಂತ. ಅಜ್ಜಿಗೆ ಬಸುರಿಯಾಗೋ ಭಯಾನಾ ಅಂತ ನಗ್ತೀರೇನೋ ಅನ್ನಿಸ್ತು. ನಾಚಿಕೆಯಾಗಿ ಸುಮ್ಮನಾದೆ."

"ಕೇಳಿದ್ರೆ ನಾನು ನಗ್ತಿದ್ದೆ," ಎಂದರು ಇವಾಸೆ. ಸುಳ್ಳು ಹೇಳಲು ಅವರಿಗೆ ಬಾಯಿ ಬರಲಿಲ್ಲ.

"ಹೋಗಿ ಈಗ. ನಾಳೆ ಬಸ್ ಎಷ್ಟು ಹೊತ್ತಿಗೆ?"

"ಎಂಟೂವರೆಗೆ."

"ಮುಂದಿನ ಸೀಟಲ್ಲಿ ಕೂತ್ಕೊಳ್ಳಿ. ನಾನು ಹಿಂದೆ ಕೂರ್ತೀನಿ."

ಮರುದಿನ ಆಸ್ಪತ್ರೆಯಲ್ಲೂ ಅವಳು ಒಂದು ಕುರ್ಚಿ ಬಿಟ್ಟು ಕುಳಿತಳು. ನಡುವಿನ ಕುರ್ಚಿಯ ಮೇಲೆ ತನ್ನ ಬಟ್ಟೆಯ ಚೀಲ ಇಟ್ಟಳು. ಎದುರಿಗೆ ಕುಳಿತಿದ್ದ ಕಾಲೇಜು ಹುಡುಗಿ ಇಬ್ಬರನ್ನೂ ನೋಡಿ ಫೋನಿಗೆ ಕಣ್ಣು ಇಳಿಸಿದಳು. ನರ್ಸ್ ಬಾಗಿಲಿಗೆ ಬಂದು ತೊಕಿಯೆಯ ಪೂರ್ತಿ ಹೆಸರನ್ನು ಗಟ್ಟಿಯಾಗಿ ಕೂಗಿದಳು. ಅವಳ ಮುಖ ಕಿವಿಯವರೆಗೂ ಕೆಂಪೇರಿತು. "ಬಂದೆ," ಎಂದು ಶಾಲೆಯ ಅಡುಗೆಮನೆಯ ದನಿಯಲ್ಲಿ ಓಗೊಟ್ಟು ಎದ್ದಳು. ಚೀಲ ತೆಗೆದುಕೊಳ್ಳಲಿಲ್ಲ.

ಬಾಗಿಲು ಮುಚ್ಚಿತು. ಚೀಲ ಮೆಲ್ಲಗೆ ಒಂದು ಕಡೆಗೆ ವಾಲತೊಡಗಿತು. ಇವಾಸೆ ಕೈಚಾಚಿ ಅದರ ಹಿಡಿಯನ್ನು ಎರಡು ಬೆರಳಲ್ಲಿ ಹಿಡಿದು, ಬೀಳದಂತೆ ನಿಲ್ಲಿಸಿಕೊಂಡು ಕುಳಿತರು.