ಬಾಗ್ದಾದಿನಿಂದ ಬಂದ ತಂಗಿ

ನಮ್ಮ ಹಿಲ್ಲಾದ ಹಿರಿಯರು ಮುಂಚೆಯೇ ಹೋಗಿ ಮಂಗೋಲರಿಗೆ ಶರಣೆಂದಿದ್ದರಿಂದ ನಮ್ಮೂರಿನ ಒಂದು ಕದವೂ ಮುರಿಯಲಿಲ್ಲ. ಬಾಗ್ದಾದ್ ಬಿದ್ದ ಮೇಲೆ ನಮ್ಮವರು ಕತ್ತೆಗಳ ಮೇಲೆ ಖರ್ಜೂರ ಹೇರಿಕೊಂಡು ಹೋಗಿ, ಅದಕ್ಕೆ ಬದಲಾಗಿ ಅಲ್ಲಿಂದ ತಾಮ್ರದ ಪಾತ್ರೆ, ಕಂಬಳಿ ತರತೊಡಗಿದರು. ಪಕ್ಕದ ಮನೆಯ ದುಬೈಸ್ ಮಾತ್ರ ಹೆಂಡತಿಯ ತಂಗಿ ಸುಕೈನಾಳನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಬಂದ. ಮಂಗೋಲರು ಗಂಡನನ್ನು ಕಡಿಯುವಾಗ ಅವಳು ಊರ ಸ್ನಾನಗೃಹದ ಒಲೆಯ ಬೂದಿಗುಂಡಿಯಲ್ಲಿ ಅಡಗಿದ್ದಳಂತೆ. ಅಕ್ಕ ರಬಾಬ್ ಅಳುತ್ತಲೇ ಅವಳ ತಲೆ ತೊಳೆದಳು.

"ತಾಮ್ರ ತಾರೋ ಅಂದ್ರೆ ತಿನ್ನೋ ಬಾಯಿ ತಂದಿದಾನೆ ನನ್ನ ಮಗ" ಎಂದು ದುಬೈಸನ ತಾಯಿ ಗೊಣಗಿದಳು. ಸಂಜೆ ತಾನೇ ತನ್ನ ಹೊದಿಕೆಯನ್ನು ತಂದು ಸುಕೈನಾಳಿಗೆ ಹೊದಿಸಿದಳು.

ಬಿಸಿಲು ಏರಿದಂತೆ ಬಾಗ್ದಾದ್ ಕಡೆಯ ಗಾಳಿಯಲ್ಲಿ ಹೆಣದ ವಾಸನೆ ಬರತೊಡಗಿತು. ಜನ ಮೂಗಿಗೆ ಈರುಳ್ಳಿ ಹಿಡಿದು ಓಡಾಡಿದರು. ಬಾಗ್ದಾದಿಗೆ ಹೋಗಿಬಂದವರೇ ಮೊದಲು ಮಲಗಿದರು. ಮೈ ಕೆಂಡವಾಗಿ, ನಾಲಿಗೆ ಕಪ್ಪಾಗಿ, ಮಾತು ನಿಲ್ಲುತ್ತಿತ್ತು. ದುಬೈಸ್ ತೀರಿಹೋದ. ಬೆನ್ನಿಗೇ ಅವನ ತಾಯಿ.

"ನಾನು ಹೊರಟುಹೋಗ್ತೀನಿ ಅಕ್ಕಾ. ಕಾಲಿಟ್ಟ ಮನೆಯೆಲ್ಲ ಹಾಳಾಗ್ತಿದೆ" ಎಂದಳು ಸುಕೈನಾ.

"ಎಲ್ಲಿಗೆ ಹೋಗ್ತೀಯೇ? ಕಂಬಳಿ ತಂದವರ ಮನೇಲೂ ಸಾಯ್ತಿದಾರೆ. ಅಲ್ಲಿಗೂ ನೀನೇ ಹೋಗಿದ್ಯಾ? ಸುಮ್ನೆ ಕೂತ್ಕೋ."

ಆಮೇಲೆ ರಬಾಬಳೇ ಹಾಸಿಗೆ ಹಿಡಿದಳು. ನಾನು ಹೋಗಿ ಹಕೀಮರನ್ನು ಕರೆತಂದೆ. ಅವರು ಹೊಸ್ತಿಲಲ್ಲೇ ನಿಂತು ನೋಡಿ, "ನೆಲಕ್ಕೆ ವಿನೆಗರ್ ಚಿಮುಕಿಸಿ, ದಾಳಿಂಬೆ ರಸ ಕುಡಿಸಿ" ಎಂದರು.

"ಕುಡಿಸಿದ್ರೆ ಉಳೀತಾಳಾ, ಹಕೀಮರೇ?" ಎಂದು ಸುಕೈನಾ ಕೇಳಿದಳು.

"ನನ್ನ ಮನೇಲೂ ಅದನ್ನೇ ಕುಡಿಸ್ತಿದೀನಿ ತಾಯಿ" ಎಂದು ತಲೆ ತಗ್ಗಿಸಿ ನಡೆದರು. ಅವರ ಮಗಳ ಹೆಣ ಮರುದಿನ ನಮ್ಮ ಬೀದಿಯಲ್ಲೇ ಹೋಯಿತು.

ಸುಕೈನಾ ರಸ ಹಿಂಡಿದಳು, ಬಟ್ಟೆ ಒದ್ದೆ ಮಾಡಿ ಹಣೆಗೆ ಹಾಕಿದಳು, ಅಂಗಾಲು ತಿಕ್ಕಿದಳು. ರಸ ರಬಾಬಳ ಕಟವಾಯಿಯಿಂದ ಹಾಗೇ ಇಳಿದುಹೋಗುತ್ತಿತ್ತು. ಕೊನೆಗೆ ತಂಗಿಯ ಗುರುತೂ ಸಿಗದೆ, "ನೀವು ಯಾರಮ್ಮ? ಊಟ ಆಯ್ತಾ?" ಎಂದು ಕೇಳಿದಳು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಹೆಣ ತೊಳೆಯುವವರು ಊರು ಬಿಟ್ಟಿದ್ದರು. ಸುಕೈನಾಳೂ ನಾನೂ, ಇಬ್ಬರು ಹೆಂಗಸರೇ ತೊಳೆದೆವು. ಚಟ್ಟಕ್ಕೆ ಹೆಗಲು ಸಿಗಲಿಲ್ಲ. ಖರ್ಜೂರದ ಗರಿಯ ಚಾಪೆಯಲ್ಲಿ ಸುತ್ತಿ ಎಳೆದುಕೊಂಡು ಹೋದೆವು. ದಾರಿಯಲ್ಲಿ ಸುಕೈನಾ ಆಗಾಗ ನಿಂತು, ಅಕ್ಕನ ತಲೆಗೆ ಕಲ್ಲು ತಾಗದಂತೆ ಕೈ ಕೊಡುತ್ತಿದ್ದಳು.

ಸುಕೈನಾಳಿಗೆ ಮಾತ್ರ ಮೈ ಬೆಚ್ಚಗೂ ಆಗಲಿಲ್ಲ. ಆ ಖಾಲಿ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಮನೆಯವರಲ್ಲಿ ಅವಳಿಗೊಬ್ಬಳಿಗೆ ಯಾಕೆ ರೋಗ ಬರಲಿಲ್ಲ ಎಂದು ಊರವರು ನನ್ನನ್ನು ಕೇಳುತ್ತಾರೆ. ಅವಳೂ ಕೇಳುತ್ತಾಳೆ. ನಾನು ರೊಟ್ಟಿ ಕೊಟ್ಟು ಬರುತ್ತೇನೆ.