ಅತ್ತ ಮುಖ ಮಾಡಿದ ಹೋರಿ

ಹೋರಿ ಬೆದರಿಸುವ ಆಟದಲ್ಲಿ ಹೋರಿ ಓಡಿದರೆ ಸಾಲದು, ಅದಕ್ಕೊಂದು ಫ್ಲೆಕ್ಸೂ ಬೇಕು. ಮೈತುಂಬ ಕೊಬ್ಬರಿ ಕಟ್ಟಿಸಿಕೊಂಡು ನುಗ್ಗುವ ಹೋರಿಯನ್ನು ಯಾರೂ ಹಿಡಿದು ಕೊಬ್ಬರಿ ಹರಿಯದಿದ್ದರೆ ಅದು ಗೆದ್ದಂತೆ. ಆದರೆ ಅಖಾಡದ ಬಾಯಲ್ಲಿ ಫ್ಲೆಕ್ಸಿಲ್ಲದೆ ಬಂದ ಹೋರಿಯನ್ನು ಹಿರೇಕೆರೂರು, ಹಾನಗಲ್ಲ ಸೀಮೆಯ ಹುಡುಗರು ಹೋರಿ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ.

ರಟ್ಟೀಹಳ್ಳಿಯ ಮಲ್ಲೇಶಪ್ಪ ಇಷ್ಟು ವರ್ಷ ಬೇರೆಯವರ ಹೋರಿಗಳ ಮೈ ತೊಳೆದು, ಬೇರೆಯವರ ಹೋರಿಗಳಿಗೆ ಕೊಬ್ಬರಿ ಕಟ್ಟಿದವನು. ಅವು ಗೆದ್ದಾಗ ಮೈಕಿನಲ್ಲಿ ಕೂಗುತ್ತಿದ್ದುದು ಯಜಮಾನರ ಹೆಸರು. ಈ ಸಲ ಮಾತ್ರ ಅವನು ಸ್ವಂತದ ಹೋರಿ ಸಾಕಿದ್ದ. ಹೆಸರು ಕಾರ್ಮುಗಿಲ. ಮೈಯೆಲ್ಲ ಕಪ್ಪು, ಎಡಗಣ್ಣಿನ ಮೇಲೆ ಅಂಗೈಯಗಲ ಬಿಳಿ ಮಚ್ಚೆ. ನಾಳೆ ಬೆಳಿಗ್ಗೆ ಹಾನಗಲ್ಲ ಹತ್ತಿರದ ಅಖಾಡದಲ್ಲಿ ಅದರ ಮೊದಲ ಓಟ.

ಫ್ಲೆಕ್ಸಿನ ಹೊಣೆ ಮಗಳು ಸಮತಾಳದು. ಮನೆಯ ಮುಂದಿನ ಖೋಲಿಯಲ್ಲೇ ಅವಳು ಹೊಸದಾಗಿ ಡಿಟಿಪಿ ಅಂಗಡಿ ತೆರೆದಿದ್ದಳು. ಎಡಕ್ಕೆ ಹೋರಿ, ಬಲಕ್ಕೆ ಅಪ್ಪನ ಹೆಸರು, ಅದರ ಕೆಳಗೆ ಅಭಿಮಾನಿ ಬಳಗ. ಮಧ್ಯಾಹ್ನ ಫೈಲು ಹಾನಗಲ್ಲಿನ ಹಸನಸಾಬರ ಫ್ಲೆಕ್ಸ್ ಅಂಗಡಿಗೆ ಹೋಯಿತು. ಸಮತಾ ಚಹಾದ ಕಪ್ಪು ಎತ್ತುವಷ್ಟರಲ್ಲಿ ಫೋನ್ ಬಂತು.

"ನಿಮ್ಮಪ್ಪನ ಹೆಸರಿನ ಜಾಗಾದಾಗ ಬರೇ ಡಬ್ಬಿ ಡಬ್ಬಿ ಬಂದಾವಲ್ಲವಾ," ಎಂದರು ಹಸನಸಾಬ. "ಲಗೂನ ಸರಿಮಾಡಿ ಕಳಸು. ಐದಕ್ಕ ಕರೆಂಟ್ ತೆಗೀತಾರ, ಆಮ್ಯಾಲೆ ನಾಳೆ ಮಧ್ಯಾಹ್ನಾನ."

ಅಪ್ಪನ ಹೆಸರೇ ಡಬ್ಬಿಯಾದರೆ ಹೇಗೆ? ಸಮತಾ ಚಹಾ ಬದಿಗಿಟ್ಟಳು. ರೋಗ ಗೊತ್ತಾಗಿತ್ತು. ಅವಳು ಬಳಸಿದ ಫಾಂಟು ಅವರ ಕಂಪ್ಯೂಟರಿನಲ್ಲಿಲ್ಲ. ಅಕ್ಷರಗಳನ್ನೆಲ್ಲ ಚಿತ್ರವಾಗಿಸಿ ಕಳಿಸಿದಳು. ಈಗ ಫೈಲು ಭಾರವಾಗಿ ಅಲ್ಲಿ ತೆರೆಯಲೇ ಇಲ್ಲ. ಅಕ್ಷರ, ಹಿನ್ನೆಲೆ ಎರಡನ್ನೂ ಕಲಸಿ ಒಂದೇ ಚಿತ್ರ ಮಾಡಿ, ಹೋರಿಯನ್ನಷ್ಟೇ ಬೇರೆ ಉಳಿಸಿ, ಹಗುರಾಗಿಸಿದಳು. ಅವಸರದಲ್ಲಿ ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿಬಿಟ್ಟಳು, ಅಕ್ಷರ ಬೇರೆಯಿದ್ದ ಹಳೆಯದು ಅಳಿಸಿಹೋಯಿತು. ಡಿಟಿಪಿ ಕಲಿತವರೆಲ್ಲ ಒಮ್ಮೆ ಮಾಡಿ, ಇನ್ನೆಂದೂ ಮಾಡೆನೆಂದು ಆಣೆ ಹಾಕಿ, ಮತ್ತೆ ಮಾಡುವ ತಪ್ಪು ಇದು.

"ಈಗ ತೆರೀತು," ಎಂದು ಹಸನಸಾಬ ಒಂದು ತುಂಡು ಮುದ್ರಿಸಿ ಫೋಟೊ ಕಳಿಸಿದರು. "ಆದ್ರ ಹೋರಿ ಬೂದಿ ಬಣ್ಣ ಆಗೇತಿ ನೋಡು."

ಬರೀ ಕಪ್ಪು ಶಾಯಿ ಫ್ಲೆಕ್ಸಿನ ಮೇಲೆ ಹೀಗೇ ಕಳೆಗುಂದುತ್ತದೆ, ಅದಕ್ಕೆ ನೀಲಿ, ಕೆಂಪು ಬೆರೆಸಬೇಕು. ಎಷ್ಟು ಬೆರೆಸಬೇಕೆಂದು ನೋಡಲು ಸಮತಾ ಫೋನ್ ಹಿಡಿದು ಹಿತ್ತಿಲಿಗೆ ಓಡಿದಳು. ಅಪ್ಪ ಹೋರಿಯ ಕೊಂಬಿಗೆ ಎಣ್ಣೆ ತಿಕ್ಕುತ್ತಿದ್ದ. ಫೋನನ್ನು ಕಾರ್ಮುಗಿಲನ ಮೋರೆಯ ಪಕ್ಕಕ್ಕೆ ಹಿಡಿದ ಕೂಡಲೇ ಅವಳಿಗೆ ತಪ್ಪು ಕಂಡಿತು. ಎದುರಿನ ಹೋರಿಗೆ ಮಚ್ಚೆ ಎಡಗಣ್ಣಿನ ಮೇಲೆ. ಫೋನಿನ ಹೋರಿಗೆ ಬಲಗಣ್ಣಿನ ಮೇಲೆ.

ಚಿತ್ರದ ಮುಖ ಯಾವಾಗಲೂ ಅಕ್ಷರದ ಕಡೆ ನೋಡಬೇಕು ಎಂದು ಹುಬ್ಬಳ್ಳಿಯ ಡಿಟಿಪಿ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. ಫೋಟೊದಲ್ಲಿ ಹೋರಿ ಆಚೆ ನೋಡುತ್ತಿತ್ತೆಂದು ಅವಳೇ ಬೆಳಿಗ್ಗೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದ್ದಳು. ಈ ಸೀಮೆಯ ಜನ ತಮ್ಮ ಮದುವೆ ತಾರೀಖು ಮರೆತಾರು, ಹೋರಿಯ ಮಚ್ಚೆ ಮರೆಯರು. ನಾಳೆ ಇದನ್ನು ನೋಡಿದರೆ 'ಮಲ್ಲೇಶಪ್ಪ ಯಾರದೋ ಹೋರಿ ತಂದು ತನ್ನದು ಅಂತಾನ' ಎಂದೇ ಆಡಿಕೊಳ್ಳುತ್ತಾರೆ.

ಒಳಗೆ ಓಡಿದಳು. ಹೋರಿಯನ್ನು ಬಲಕ್ಕೆ, ಹೆಸರನ್ನು ಎಡಕ್ಕೆ ತರೋಣವೆಂದರೆ ಅಕ್ಷರವೆಲ್ಲ ಹಿನ್ನೆಲೆಗೆ ಅಂಟಿ ಕೂತಿದೆ. ಹೊಸದಾಗಿ ಮಾಡಲು ಹೊತ್ತಿಲ್ಲ. ಹೋರಿಯನ್ನೊಂದೇ ಇದ್ದಲ್ಲೇ ತಿರುಗಿಸಿದಳು, ಕಪ್ಪಿಗೆ ಬಣ್ಣ ಬೆರೆಸಿದಳು, ಕಳಿಸಿದಳು. ಕಾರ್ಮುಗಿಲ ಈಗ ಅಪ್ಪನ ಹೆಸರಿಗೆ ಬೆನ್ನು ಹಾಕಿ ಫ್ಲೆಕ್ಸಿನಿಂದಾಚೆ ನೋಡುತ್ತಿತ್ತು. ಸಮತಾಳಿಗೆ ಅಳುವೇ ಬಂತು. ಐದಕ್ಕೆ ಸ್ವಲ್ಪ ಮುಂಚೆ ಹಸನಸಾಬರ ಮೆಸೇಜು ಬಂತು, "ಆತವಾ."

ಬೆಳಿಗ್ಗೆ ಅಖಾಡದ ಬಾಯಲ್ಲಿ ಫ್ಲೆಕ್ಸ್ ಏರಿತು. ಮಲ್ಲೇಶಪ್ಪ ತಲೆಯೆತ್ತಿ ನೋಡುತ್ತಲೇ ನಿಂತ.

"ನಿನ್ನ ಹೆಸರಿನ ಕಡೆ ನೋಡೂಹಂಗ ಇಡಬೇಕಿತ್ತಪ್ಪಾ," ಎಂದಳು ಸಮತಾ. "ಆಗ್ಲಿಲ್ಲ."

"ನನ್ನ ಕಡೆ ಯಾಕ ನೋಡಬೇಕು? ಅದು ನೋಡೂದು ದಾರಿ. ತಿರುಗಿ ಮಂದಿ ನೋಡಿತಂದ್ರ ಸಿಕ್ಕಬೀಳ್ತೈತಿ," ಎಂದು ಅವನು ಹೋರಿಯ ಹಗ್ಗ ಬಿಚ್ಚಲು ನಡೆದ.

ಹಗ್ಗ ಬಿಚ್ಚಿದ್ದೇ ತಡ, ಕಾರ್ಮುಗಿಲ ಕೊಬ್ಬರಿ ಕಟಕಟ ಅನಿಸುತ್ತ ನುಗ್ಗಿತು. ಎರಡೂ ಬದಿಯಿಂದ ಹುಡುಗರು ಹಾರಿದರು, ಒಬ್ಬನ ಬೆರಳು ಕೊಬ್ಬರಿ ಹಾರಕ್ಕೆ ತಾಗಿಯೂ ತಾಗದಂತಾಯಿತು. ಹೋರಿ ಅತ್ತಿತ್ತ ನೋಡದೆ ಆಚೆಯ ಬಯಲು ಸೇರಿತು, ಒಂದು ಕೊಬ್ಬರಿಯೂ ಹೋಗಿರಲಿಲ್ಲ.

"ಫ್ಲೆಕ್ಸಿನ್ಯಾಗ ಹೆಂಗೈತಿ ಹಂಗ ಹೊಂಟು ಹೋತು ನೋಡ್ರಿ," ಮೈಕು ಗುಡುಗಿತು. "ರಟ್ಟೀಹಳ್ಳಿ ಮಲ್ಲೇಶಪ್ಪನವರ ಕಾರ್ಮುಗಿಲ."

ಸಮತಾ ಅಪ್ಪನ ಬಳಿ ಓಡಿದಳು. ಅವನು ಖಾಲಿ ಹಗ್ಗ ಹಿಡಿದು ಮೈಕಿನ ಕಡೆಗೇ ನೋಡುತ್ತಿದ್ದ, ಕಣ್ಣು ತುಂಬಿದ್ದವು.

"ಇನ್ನೊಮ್ಮೆ ಹೇಳ್ತಾರೇನವಾ?" ಎಂದ.